ಗೋಡೆಯಲ್ಲಿ ಬಿಟ್ಟ ಎರಡು ಗೇಣು ಜಾಗ

ಬೀದರ
ಮೇ 58, 2231

…ಹಾಗಾಗಿ ಹಗ್ಗದ್ದೇನೂ ತಪ್ಪಿಲ್ಲ, ನೀರೇ ಕಡಿಮೆಯಾಗಿದೆ ಎಂದು ಬರೆದಲ್ಲಿಗೆ ನಿನ್ನೆ ನಿಲ್ಲಿಸಿದ್ದೆ. ಕಣ್ಣು ಸೋತಿದ್ದವು. ಇವತ್ತು ಬೆಳಗ್ಗೆ ಆ ಹಾಳೆಗಳನ್ನು ಓದಿ ನೋಡಿದರೆ ನನಗೇ ತಲೆಬುಡ ತಿಳಿಯಲಿಲ್ಲ. ನೀರು ಎಲ್ಲಿಯದು, ಹಗ್ಗ ಯಾರದು ಎಂದು ಹೇಳದೆ ನಡುವಿನಿಂದಲೇ ಶುರು ಮಾಡಿಬಿಟ್ಟಿದ್ದೆ. ಒಬ್ಬನೇ ಇದ್ದು, ಒಬ್ಬನೇ ಮಾತಾಡಿ ರೂಢಿಯಾದವನಿಗೆ ಎದುರಿನವರಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂಬ ಅಂದಾಜು ತಪ್ಪಿಹೋಗುತ್ತದೆ. ಆ ಹಾಳೆಗಳನ್ನು ಒಲೆಗೆ ಹಾಕಿ ಅದರಲ್ಲೇ ಚಹಾ ಕಾಸಿಕೊಂಡೆ. ಈಗ ಮೊದಲಿನಿಂದ ಬರೆಯುತ್ತೇನೆ.

ತಾರೀಖು ನೋಡಿ ಅನುಮಾನ ಪಡಬೇಡಿ. ನಿಮ್ಮ ಮೇ ತಿಂಗಳಿಗೆ ಮೂವತ್ತೊಂದು ದಿನ ಇತ್ತೆಂದು ನನಗೆ ಗೊತ್ತು. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ಮೇ ಮುಗಿಯುವುದಿಲ್ಲ. ಮಳೆ ಬಿದ್ದ ಮರುದಿನ ಜೂನ್ ಒಂದು. ಹೆಚ್ಚಾದ ದಿನಗಳನ್ನು ವರ್ಷದ ಕೊನೆಯ ತಿಂಗಳುಗಳಿಂದ ಮುರಿದುಕೊಳ್ಳುತ್ತೇವೆ. ನಾನು ಕಂಡ ಅತಿ ಉದ್ದದ ಮೇ 2227ರದ್ದು, ತೊಂಬತ್ತನಾಲ್ಕು ದಿನ. ಈ ಕಾಗದ ಹೆಚ್ಚುಕಡಿಮೆ ಆ ಒಂದು ತಿಂಗಳನ್ನು ಕುರಿತದ್ದೇ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕಾಗದಪತ್ರ ಓದಿ ಓದಿ ನಿಮ್ಮ ಧಾಟಿಯಲ್ಲಿ ಬರೆಯಲು ನೋಡುತ್ತಿದ್ದೇನೆ. ಎಲ್ಲಾದರೂ ತಪ್ಪಿದರೆ ಹಿರಿಯರಾದ ನೀವು ತಿದ್ದಿಕೊಂಡು ಓದಬೇಕು. ನನಗೆ ಎಪ್ಪತ್ತೊಂದು. ಆದರೂ ನಿಮ್ಮ ಮುಂದೆ ನಾನು ಮರಿಮೊಮ್ಮಗನ ಮರಿಮೊಮ್ಮಗ.

ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿಮ್ಮ ಕಾಲದವರು ನಮ್ಮ ಬಗ್ಗೆ ಬಹಳ ಬರೆದಿದ್ದೀರಿ. ಯಾವ ಸರಕಾರಿ ಕಾಗದ ತೆಗೆದರೂ ಮುಂದಿನ ಪೀಳಿಗೆ, ಫ್ಯೂಚರ್ ಜನರೇಶನ್ಸ್, ಅವರಿಗಾಗಿ ಇದು, ಅವರಿಗಾಗಿ ಅದು. ಇನ್ನೂರು ವರ್ಷವಾಯಿತು, ನಮ್ಮ ಕಡೆಯಿಂದ ಒಂದು ಸಾಲು ಉತ್ತರ ಹೋದಂತಿಲ್ಲ. ಅಷ್ಟು ಸಲ ನೆನೆದವರಿಗೆ ಉತ್ತರ ಬರೆಯದಿರುವುದು ಮರ್ಯಾದೆಯಲ್ಲ. ಆ ಮುಂದಿನ ಪೀಳಿಗೆ ನಾವೇ. ನನ್ನ ಹೆಸರು ವೈಜಿನಾಥ. ನನ್ನ ಹೆಂಡತಿಯ ಹೆಸರು ಜಗದೇವಿ. ಅವಳು ಹೋಗಿ ಎರಡು ವರ್ಷವಾಯಿತು. ಇವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಊರಿನ ನೀರಿನ ಸಭೆ ಇದೆ. ಅಲ್ಲಿ ನಾನು ಒಂದು ಮಾತು ಹೇಳಿದರೆ ಅವಳ ಹೆಸರು ಹೋಗುತ್ತದೆ. ಸುಮ್ಮನಿದ್ದರೆ ನನ್ನ ಗೆಳೆಯ ಚಾಂದಪಾಶಾನ ಹೆಸರು ಹೋಗುತ್ತದೆ. ಏನು ಮಾಡಬೇಕೆಂದು ಯಾರನ್ನಾದರೂ ಕೇಳೋಣವೆಂದರೆ ಊರಲ್ಲಿ ಎಲ್ಲರೂ ಆ ಸಭೆಯಲ್ಲೇ ಕೂರುವವರು. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ನೀರಿನ ವಿಷಯ ಹೇಳಬೇಕು. ಈ ಊರ ಕೆಂಪು ಮುರಕಲ್ಲಿನ ನೆಲದ ಕೆಳಗೆ ಸುಲ್ತಾನರ ಕಾಲದ ಸುರಂಗ ಬಾವಿ ಇದೆ. ಅದು ನಿಮ್ಮ ಕಾಲದಲ್ಲೂ ಇತ್ತು, ಅರ್ಧ ಹೂಳಿನಲ್ಲಿ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದ ಕಾಲುವೆ, ಮೇಲಿನಿಂದ ಗಾಳಿ ಬೆಳಕಿಗೆ ಅಲ್ಲಲ್ಲಿ ಕಿಂಡಿಬಾವಿ. ನಿಮ್ಮ ಕೊಳವೆಬಾವಿಗಳು ಬತ್ತಿ ಮುಗಿದ ಮೇಲೆ ನಮ್ಮ ಹಿರಿಯರು ಮತ್ತೆ ಇದರೊಳಗೆ ಇಳಿದರು. ಈಗ ಊರು ಇರುವುದು ಈ ಸುರಂಗದ ಮೇಲೆ, ಕಿಂಡಿಯಿಂದ ಕಿಂಡಿಗೆ ಒಂದು ಓಣಿ. ದಿನಕ್ಕೆ ತಲೆಗೆ ಆರು ತಂಬಿಗೆ ನೀರು. ಹೂಳು ಎತ್ತುವ ಪಾಳಿ ಎಲ್ಲರಿಗೂ ಬರುತ್ತದೆ. ನಾನು ಪಾಳಿಯ ಆಚೆಗೂ ನಲವತ್ತು ವರ್ಷ ಅದನ್ನೇ ಮಾಡಿದೆ. ಬೇಸಿಗೆಯಲ್ಲಿ ಅದರಷ್ಟು ತಂಪಿನ ಕೆಲಸ ಬೇರೆ ಇಲ್ಲ. ಮೇಲೆ ಮಂದಿ ಒದ್ದೆ ಗೋಣಿಪಟ್ಟೆ ಕಟ್ಟಿದ ಕತ್ತಲ ಕೋಣೆಯಲ್ಲಿ ಬಿದ್ದುಕೊಂಡಿರುತ್ತಾರೆ. ಬೆಳಗಿನ ಒಂಬತ್ತಕ್ಕೆ ಬಾಗಿಲು ಹಾಕಿದರೆ ಸಂಜೆ ಐದರವರೆಗೆ ಓಣಿಯಲ್ಲಿ ನಾಯಿಯೂ ಇರುವುದಿಲ್ಲ. ಸುರಂಗದ ಒಂದು ಕವಲಿನ ತುದಿಯಲ್ಲಿ ಒಂದು ಹೊಂಡ ಇದೆ. ಒಳ್ಳೆಯ ಮಳೆ ಬಂದ ಕೆಲವು ವರ್ಷ, ಅರವತ್ತು ವರ್ಷದ ಹಿಂದೆ, ಅದನ್ನು ತುಂಬಿಸಿ ಚಪ್ಪಡಿ ಹಾಕಿ ಬೀಗ ಜಡಿದರು. ಅದಕ್ಕೆ ನಾಳೆಹೊಂಡ ಎನ್ನುತ್ತೇವೆ. ನೂರು ವರ್ಷ ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಇನ್ನೂ ಹುಟ್ಟದವರ ನೀರು.

ಹುಟ್ಟದವರ ಪರವಾಗಿ ಮಾತಾಡಲು ನಮ್ಮ ಸಭೆಯಲ್ಲಿ ಒಂದು ಮಣೆ ಇದೆ. ಆ ಮಣೆಯ ಮೇಲೆ ಕೂರುವವರನ್ನು ನಾಳೆಗಾರ ಎನ್ನುತ್ತೇವೆ, ಹೆಂಗಸಾದರೆ ನಾಳೆಗಾರ್ತಿ. ಜಗದೇವಿ ಹದಿನಾರು ವರ್ಷ ನಾಳೆಗಾರ್ತಿಯಾಗಿದ್ದಳು. ಕೂತವರು ಸತ್ತರೆ ಉಳಿದ ಅವಧಿಗೆ ಮನೆಯವರೇ ಕೂರುವುದು ಪದ್ಧತಿ. ಹಾಗಾಗಿ ಈಗ ನಾನು.

ಈ ಮಣೆ ಎಲ್ಲಿಂದ ಬಂತು ಎಂದು ನಿಮಗೆ ಹೇಳುವುದೇ ಒಂದು ತಮಾಷೆ, ಯಾಕೆಂದರೆ ಅದು ಹೊರಟದ್ದು ನಿಮ್ಮ ಮನೆಯಿಂದ. ನಾನು ಗುಲ್ಬರ್ಗದ ಕಾಲೇಜಿನಲ್ಲಿ ಎರಡು ವರ್ಷ ಹಳೆಯ ಇಂಗ್ಲಿಷ್ ಓದಿದೆ. ಈಗ ಅದನ್ನು ಮಾತಾಡುವವರು ಈ ಕಡೆ ಯಾರೂ ಇಲ್ಲ. ನಿಮ್ಮ ದಫ್ತರದ ಕಾಗದ ಓದಲಿಕ್ಕೆ ಮಾತ್ರ ಕಲಿಸುತ್ತಾರೆ. ನಮ್ಮ ಮಾಸ್ತರರು ಒಂದು ವರ್ಷ ಪೂರ್ತಿ ಒಂದೇ ಜೋಡಿ ಪದ ಇಟ್ಟುಕೊಂಡು ಪಾಠ ಮಾಡಿದರು: ಸಸ್ಟೇನಬಲ್ ಡೆವಲಪ್‌ಮೆಂಟ್, ಕನ್ನಡದಲ್ಲಿ ನೀವು ಸುಸ್ಥಿರ ಅಭಿವೃದ್ಧಿ ಎನ್ನುತ್ತಿದ್ದಿರಿ. ಅದರ ಬೇರು ಜರ್ಮನಿಯ ಬೆಳ್ಳಿ ಗಣಿಗಳಲ್ಲಿದೆಯಂತೆ. ಐನೂರು ವರ್ಷದ ಹಿಂದೆ ಅಲ್ಲಿ ಅದಿರು ಕರಗಿಸಲು ಕಾಡೆಲ್ಲ ಕಡಿದು ಹಾಕಿದಾಗ ಗಣಿಯ ಅಧಿಕಾರಿಯೊಬ್ಬ, ಬೆಳೆದಷ್ಟನ್ನೇ ಕಡಿಯಿರಿ, ಇಲ್ಲದಿದ್ದರೆ ಮುಂದೆ ಗಣಿಯೂ ಇಲ್ಲ ಕಾಡೂ ಇಲ್ಲ ಎಂದು ಬರೆದ. ಮರದ ಲೆಕ್ಕವಾಗಿ ಹುಟ್ಟಿದ ಮಾತು ಅದು. ಆಮೇಲೆ ಎರಡೂವರೆ ಶತಮಾನ ಅರಣ್ಯದವರ ಬಾಯಲ್ಲಿ ಉಳಿಯಿತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಎಲ್ಲ ದೇಶದವರು ಗಾಳಿ ನೀರು ಮಣ್ಣಿನ ಮಾತಿಗೆ ಸೇರಿದರು. ಅಲ್ಲಿ ನಮ್ಮಂಥ ದೇಶದವರು, ಹೊಟ್ಟೆಗಿಲ್ಲದವರ ಮುಂದೆ ಈ ಮಾತು ಹೇಗೆ ಆಡೋಣ ಎಂದು ಕೇಳಿದರಂತೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಹದಿನೈದು ವರ್ಷ ಹಿಡಿಯಿತು. 1987ರಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದು ಒಂದು ವರದಿ ಬರೆದು ಆ ಜೋಡಿ ಪದಕ್ಕೆ ಅರ್ಥ ಕೊಟ್ಟಿತು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಬೇಕಿತ್ತು. ನಾನೂ ಮಾಡಿದೆ.

ಆ ಬಾಯಿಪಾಠವೇ ನನಗೆ ಮುಳುವಾಯಿತು, ಅದಕ್ಕೆ ಬರುತ್ತೇನೆ. 1992ರಲ್ಲಿ ರಿಯೋ ಎಂಬ ಊರಿನಲ್ಲಿ ಮತ್ತೆ ಎಲ್ಲರೂ ಸೇರಿ ಸಹಿ ಹಾಕಿದಿರಿ. 2000ದಲ್ಲಿ ಎಂಟು ಗುರಿ, 2015ರಲ್ಲಿ ಹದಿನೇಳು, ಮುಟ್ಟಬೇಕಾದ ವರ್ಷ 2030. ಮಾಸ್ತರರು ಹೇಳುತ್ತಿದ್ದರು, ಅಷ್ಟು ಹೊತ್ತಿಗೆ ಆ ಪದ ಸಾಬೂನಿನ ಮೇಲೆ, ಸಿಮೆಂಟಿನ ಚೀಲದ ಮೇಲೆ, ವಿಮಾನದ ಟಿಕೇಟಿನ ಮೇಲೆಲ್ಲ ಇತ್ತು ಎಂದು. 2030 ಬಂತು, ಹೋಯಿತು. ವರ್ಷವನ್ನು 2045ಕ್ಕೆ ಸರಿಸಿದರು, ಅಲ್ಲಿಂದ 2070ಕ್ಕೆ. ಗುರಿಗಳು ಮೂವತ್ತೊಂದಾದವು. 2094ರ ಸಭೆಗೆ ನಲವತ್ತು ದೇಶವೂ ಬರಲಿಲ್ಲ. ಬಂದವರಿಗೆ ಕೂರಲು ಒಣಗಿದ ಜಾಗ ಸಿಗಲಿಲ್ಲವೆಂದು ಹಡಗಿನಲ್ಲಿ ನಡೆಸಿದರಂತೆ. ಅವರ ಕೊನೆಯ ಠರಾವು ಒಂದೇ ಸಾಲಿನದು: ಪ್ರತಿ ಊರಿನ ಸಭೆಯಲ್ಲೂ ಹುಟ್ಟದವರಿಗೆ ಒಂದು ಆಸನ ಇರಲಿ. ಅಷ್ಟು ದೊಡ್ಡ ಮಾತು ಸವೆದು ಸವೆದು ಕೊನೆಗೆ ಒಂದು ಮಣೆಯಾಗಿ ನಮ್ಮ ಊರಿಗೆ ಬಂತು. ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಆ ಮಣೆ ಇಲ್ಲದಿದ್ದರೆ ನಾಳೆಹೊಂಡವೂ ಇರುತ್ತಿರಲಿಲ್ಲ.

ಈಗ ಗೋಡೆ. ನನಗೆ ಇಪ್ಪತ್ತಾರು ವರ್ಷವಾದಾಗ ಸಭೆಮನೆಯನ್ನು ಹೊಸದಾಗಿ ಕಟ್ಟಿದರು. ಮಣೆಯ ಹಿಂದಿನ ಗೋಡೆಯ ಮೇಲೆ ಆ ಹಳೆಯ ವರದಿಯ ಮಾತನ್ನು ಕನ್ನಡದಲ್ಲಿ ಕೆತ್ತಬೇಕೆಂದು ಹಿರಿಯರು ಹೇಳಿದರು. ಊರಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಪುಸ್ತಕ ಕೈಯಲ್ಲಿರಲಿಲ್ಲ, ಗುಲ್ಬರ್ಗಕ್ಕೆ ಹೋಗಿ ಬರಲು ಆಗ ಹನ್ನೊಂದು ದಿನ. ನೆನಪಿದೆ ಬಿಡಿ ಎಂದೆ. ಉಳಿ ಸುತ್ತಿಗೆ ಹಿಡಿದು ನಾನೇ ಕೆತ್ತಿದೆ: ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವಾಗ ನಾಳಿನವರ ಪಾಲಿಗೆ ಕೈ ಹಾಕಬಾರದು. ಕೆತ್ತಿ ಮುಗಿಸಿ ಕೆಳಗಿಳಿದಾಗ ನನಗೆ ಗೊತ್ತಿತ್ತು, ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ ಎಂದು. ಮುಂದೆ ಇನ್ನೇನೋ ಇತ್ತು. ಅದು ಇನ್ ಪರ್ಟಿಕ್ಯುಲರ್ ಎಂಬ ಎರಡು ಪದಗಳನ್ನು ಹಿಡಿದು ಮುಂದಕ್ಕೆ ಹೋಗುತ್ತಿತ್ತು. ಅದರ ಮುಂದಿನದು ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಆಮೇಲೆ ನೋಡೋಣವೆಂದು ಕೆಳಗೆ ಎರಡು ಗೇಣು ಜಾಗ ಬಿಟ್ಟೆ. ಆ ಜಾಗದಲ್ಲಿ ಯಾರೋ ಒಂದು ಮೊಳೆ ಹೊಡೆದು ಲಾಟೀನು ತೂಗುಹಾಕಿದರು. ನಲವತ್ತೈದು ವರ್ಷವಾಯಿತು, ಲಾಟೀನು ಅಲ್ಲೇ ಇದೆ.

ಮರುವರ್ಷ ಮದುವೆಯಾಯಿತು. ಜಗದೇವಿಯನ್ನು ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ, ಹೊಸ ಗಂಡನಿಗೆ ಇರುವ ಜಂಬ. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು. “ಇಷ್ಟೇ ಏನ್ರಿ?” ಎಂದಳು. ಇನ್ನೂ ಸ್ವಲ್ಪ ಇತ್ತು, ನೆನಪಿಲ್ಲ, ಇನ್ ಪರ್ಟಿಕ್ಯುಲರ್ ಅಂತ ಶುರುವಾಗ್ತದ ಎಂದೆ.

“ಹಂಗಂದ್ರ?”

“ಅದರಾಗೂ, ಅಂತ.”

“ಅದರಾಗೂ ಏನು?”

“ಅದೇ ನೆನಪಿಲ್ಲ.”

ಅವಳು ನಕ್ಕದ್ದು ನೋಡಬೇಕಿತ್ತು. ಅಲ್ಲಿಂದ ನಲವತ್ತೆರಡು ವರ್ಷ ನಮ್ಮ ಮನೆಯಲ್ಲಿ ಅದೊಂದು ಮಾತಾಯಿತು. ಸಂತೆಯಿಂದ ಉಪ್ಪು ಮರೆತು ಬಂದರೆ, “ಎಲ್ಲಾ ತಂದೀರಿ, ಅದರಾಗೂ ಏನು ಬಿಟ್ಟೀರಿ?” ಯಾರದೋ ಮದುವೆಗೆ ಹೋಗಿ ಬಂದು ಊಟದ ಸುದ್ದಿ ಹೇಳುತ್ತಾ ನಾನು ನಡುವೆ ನಿಂತರೆ, “ಅದರಾಗೂ?” ಸಭೆಯಲ್ಲಿ ಮಣೆಯ ಮೇಲೆ ಕೂತಾಗಲೂ ಆ ಗೋಡೆಗೆ ಬೆನ್ನು ಹಾಕಿ ಕೂರುವ ಮುಂಚೆ ಒಮ್ಮೆ ತಿರುಗಿ ನನ್ನ ಖಾಲಿ ಜಾಗ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಿದ್ದಳು. ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಮಣೆಯ ಕೆಳಗೆ ಹಾಸಿರುವುದು ನಿಮ್ಮ ಕಾಲದ್ದೇ ಒಂದು ಹಾಳೆ, ದಪ್ಪ ಪ್ಲಾಸ್ಟಿಕ್ಕಿನದು, ಹದಿನೇಳು ಗುರಿಯ ಹದಿನೇಳು ಬಣ್ಣದ ಚೌಕ. ಬಿದ್ದುಹೋದ ಒಂದು ಕಚೇರಿಯ ಮಣ್ಣಿನಡಿ ಸಿಕ್ಕಿತ್ತು. ಒಮ್ಮೆ ಅದನ್ನು ಒರೆಸುತ್ತಾ ಕೇಳಿದಳು, “ಈ ಒಂದನೇ ನಂಬರಿನ ಮನಿ ಏನಿತ್ರಿ? ಪೂರಾ ಬೆಳ್ಳಗಾಗ್ಯದ.” ಬಡತನ ಇರಬಾರದು ಅಂತ, ಕೆಂಪು ಬಣ್ಣ ಇತ್ತು ಎಂದೆ. “ಮೊದಲಿಗಿ ಅದೇ ಮಾಸ್ಯದ ನೋಡ್ರಿ,” ಎಂದು ಮತ್ತೆ ಒರೆಸಿದಳು. ಕೆಂಪು ಬಣ್ಣ ಬಿಸಿಲಿಗೆ ಬೇಗ ಹೋಗುತ್ತದೆ ಎಂದು ನಾನು ವಿಜ್ಞಾನ ಹೇಳಿದೆ.

2227ರ ಮೇ ಐವತ್ತರ ಹೊತ್ತಿಗೆ ಸುರಂಗದ ನೀರು ಪಾದ ಮುಳುಗುವಷ್ಟಕ್ಕೆ ಇಳಿಯಿತು. ಆರು ತಂಬಿಗೆ ಮೂರಾಯಿತು. ಮುದುಕರು ಮೊದಲು ಹೋದರು, ಆ ತಿಂಗಳು ಹನ್ನೊಂದು ಜನ. ಆ ವರ್ಷ ಬಾಣಂತಿಮನೆಯಲ್ಲಿ ಏಳು ಜನ ಬಸುರಿಯರಿದ್ದರು. ದಿನ ತುಂಬುತ್ತ ಬಂದವರನ್ನೆಲ್ಲ ಒಂದೇ ತಂಪು ಮನೆಯಲ್ಲಿ ಇಡುವುದು ನಮ್ಮ ಪದ್ಧತಿ. ಹೆಚ್ಚಿನವರು ಸುಣ್ಣದ ಭಟ್ಟಿಯ ಓಣಿಯ ಬಡವರು, ಮನೆಯಲ್ಲಿ ತಮ್ಮ ಪಾಲಿನ ನೀರು ಬಿಟ್ಟುಕೊಡಲು ಇನ್ನೊಂದು ತಲೆ ಇಲ್ಲದವರು. ಮೇ ಅರವತ್ತಕ್ಕೆ ಸಭೆ ಸೇರಿತು. ಮುಖ್ಯಸ್ಥೆ ತೇಜಮ್ಮ ಕೇಳಿದಳು, “ಜಗದೇವಿ, ಹೊಂಡದಾಗ ಒಂದು ಗಂಟು ಇಳಿಸಿದ್ರ ಏನ್ ಹೋಗ್ತದ?” ಹೊಂಡದ ನೀರನ್ನು ನಾವು ಗಂಟಿನಿಂದ ಅಳೆಯುತ್ತೇವೆ, ಹಗ್ಗಕ್ಕೆ ನಾಲ್ಕು ಬೆರಳಿಗೊಂದು ಗಂಟು.

“ನಂದೇನೂ ಹೋಗಲ್ರಿ, ನೀರು ನಂದಲ್ಲ,” ಎಂದಳು ಜಗದೇವಿ. “ನನ್ನ ಮಂದಿ ಇನ್ನಾ ಹುಟ್ಟಿಲ್ಲ. ಅವರಿಗಿ ಕೇಳಿ ಬಂದು ಹೇಳ್ತೀನಿ.”

ಚಾಂದಪಾಶಾ ಹಿಂದಿನ ಸಾಲಿನಿಂದ, “ಯಾವ ಗಾಡಿಗಿ ಹೋಗ್ತಿ ಅಕ್ಕಾ, ತಿರುಗಿ ಬರೋ ಗಾಡಿ ಅದನ?” ಎಂದ. ನಾಲಗೆ ಒಣಗಿದ್ದರೂ ಮಂದಿ ನಕ್ಕರು.

“ನಡದೇ ಹೋಗ್ತೀನಿ ತಮ್ಮಾ. ಹತ್ತಿರೇ ಅದ.”

ಮರುದಿನ ಸಭೆಗೆ ಬಂದು, “ಕೇಳಿದೆ. ಎಲ್ಲಾರಿಗೂ ತೆಗ್ಯಾದು ಬ್ಯಾಡ ಅಂದಾರ,” ಎಂದಳು. ಹೊಂಡ ಮುಚ್ಚಿಯೇ ಇತ್ತು. ಕೆಲವರು ಅವಳನ್ನು ಕಲ್ಲೆದೆಯವಳು ಎಂದರು, ಕೆಲವರು ಕೈ ಮುಗಿದರು. ಆ ಬೇಸಿಗೆಯಲ್ಲಿ ಏಳೂ ಹೆರಿಗೆ ಸುಸೂತ್ರವಾದವು. ಒಂದು ಕೂಸೂ ಹೋಗಲಿಲ್ಲ, ಒಬ್ಬ ತಾಯಿಯೂ ಹೋಗಲಿಲ್ಲ. ಊರು ಅದನ್ನು ಅದೃಷ್ಟ ಎಂದಿತು.

ನಾನು ಕಂಡದ್ದನ್ನು ಈಗ ಬರೆಯುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ಮೇ ಎಪ್ಪತ್ತರ ಸುಮಾರಿಗೆ ಒಂದು ಮಟಮಟ ಮಧ್ಯಾಹ್ನ ಎಚ್ಚರವಾಗಿ ನೋಡಿದರೆ ಜಗದೇವಿ ಹಾಸಿಗೆಯಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಊರಲ್ಲಿ ಕೈ ತೊಳೆಯಲು ನೀರಿಲ್ಲದ ದಿನ. “ಎಲ್ಲಿ ಹೋಗಿದ್ದಿ?” ಎಂದೆ. “ನನ್ನ ಮಂದೀನ ಮಾತಾಡಸ್ಲಕ್ಕ,” ಎಂದು ಸೀರೆಯ ಅಂಚನ್ನು ಗೋಡೆಯ ಕಡೆ ಮಾಡಿ ಮಲಗಿದಳು. ಆ ಅಂಚು ಒಣಗುವವರೆಗೆ ನಾನು ನೋಡುತ್ತ ಬಿದ್ದುಕೊಂಡಿದ್ದೆ. ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಆಮೇಲೆ ಗೋಡೆ ಕೆತ್ತಿದವನು ನಾನು, ಏನಾದರೂ ಅನ್ನಬೇಕಾಗುತ್ತಿತ್ತು. ಒಬ್ಬಳೇ, ಅರವತ್ತನಾಲ್ಕು ವರ್ಷದ ಹೆಂಗಸು, ಆ ಬಿಸಿಲಲ್ಲಿ, ಸುರಂಗದ ಮೆಟ್ಟಿಲುಗಳನ್ನು ಇಳಿದು ಹತ್ತಿ ಬಂದಿದ್ದಳು. ಸುರಂಗದ ಒಂದೊಂದು ಕಲ್ಲೂ ಗೊತ್ತಿರುವ ನಾನು ಇಲ್ಲಿ ಹಾಸಿಗೆಯಲ್ಲಿ.

ಅವಳು ತನ್ನ ಪಾಲಿನ ನೀರನ್ನೂ ಕುಡಿಯದೆ ಎಲ್ಲೋ ಕೊಡುತ್ತಿದ್ದಳು ಎಂದು ವೈದ್ಯರಿಂದ ತಿಳಿಯಿತು, ತಡವಾಗಿ. ಮೂತ್ರಪಿಂಡ ಎರಡೂ ಒಣಗಿದ್ದವು. ಒಂದೂವರೆ ವರ್ಷ ನರಳಿದಳು. ಕೊನೆಯ ವಾರ ಒಂದು ಬೆಳಗ್ಗೆ ನನ್ನ ಕೈ ಹಿಡಿದು, “ಅದರಾಗೂ ಏನು ಅಂತ ಈಗಾದ್ರೂ ನೆನಪಾಯ್ತೇನ್ರಿ?” ಎಂದಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಇಲ್ಲ ಎಂದೆ. “ತಿಳಕೊಂಡು ಹೇಳ್ರಿ,” ಎಂದಳು.

ನಮ್ಮಲ್ಲಿ ಸತ್ತವರ ಹೆಸರನ್ನು ಊರಿನ ಕಲ್ಲಿನ ಮೇಲೆ ಕೆತ್ತಿ, ಅವರ ಹೆಸರಿನಲ್ಲಿ ಒಂದು ಬೇವಿನ ಸಸಿ ನೆಡುತ್ತಾರೆ. ಊರಿನ ಲೆಕ್ಕದಿಂದ ಆ ಸಸಿಗೆ ದಿನಕ್ಕೊಂದು ತಂಬಿಗೆ ನೀರು, ಏಳು ವರ್ಷ. ಆಮೇಲೆ ಬೇರು ತನ್ನ ದಾರಿ ನೋಡಿಕೊಳ್ಳುತ್ತದೆ. ಅವಳ ಗಿಡ ಈಗ ನನ್ನ ಎದೆಯ ಎತ್ತರಕ್ಕಿದೆ, ಕಳೆದ ವಾರ ನಾಲ್ಕು ಹೊಸ ಎಲೆಗೊಂಚಲು. ನಾಳೆಹೊಂಡ ಒಡೆದವರ ಹೆಸರನ್ನು ಊರಿನ ಕಲ್ಲಿನಿಂದ ಕೆತ್ತಿ ತೆಗೆಯಬೇಕು, ಗಿಡದ ತಂಬಿಗೆ ನಿಲ್ಲಬೇಕು. ಇದು ನಿಯಮ. ಈವರೆಗೆ ಬಳಸುವ ಪ್ರಸಂಗ ಬಂದಿರಲಿಲ್ಲ.

ಹೊಂಡವನ್ನು ಐದು ವರ್ಷಕ್ಕೊಮ್ಮೆ ಅಳೆಯುತ್ತಾರೆ. ಬೀಗಕ್ಕೆ ಎರಡು ಕೀಲಿ, ಒಂದು ನಾಳೆಗಾರರ ಮನೆಯಲ್ಲಿ, ಒಂದು ಹಗ್ಗದವರ ಮನೆಯಲ್ಲಿ. ಯಾವುದರಿಂದ ಬೇಕಾದರೂ ತೆಗೆಯಬಹುದು. ಚಾಂದಪಾಶಾನ ಮನೆತನದವರು ನಾಲ್ಕು ತಲೆಯಿಂದ, ಹೊಂಡ ತುಂಬಿಸುವ ಮೊದಲಿನಿಂದಲೂ, ಊರಿನ ನೀರು ಅಳೆಯುವ ಹಗ್ಗ ಕಾದವರು. ಮೊನ್ನೆ ಅವನು ಅಳತೆ ಮಾಡಿ ಮೇಲೆ ಬಂದವನೇ ನೇರ ನನ್ನ ಮನೆಗೆ ಬಂದ. ಅವನು ಬಂದರೆ ಮೊದಲು ಒಂದು ಚೇಷ್ಟೆ, ಆಮೇಲೆ ಕೂರುವುದು. ಮೊನ್ನೆ ಸುಮ್ಮನೆ ಕೂತ.

“ಮೂರು ಗಂಟು ಕಮ್ಮಿ ಅದ, ವೈಜಿನಾಥಣ್ಣ. ಮೂರು ಸಲ ಇಳಿಸಿ ನೋಡೀನಿ. ಹಗ್ಗ ಸುಳ್ಳ ಹೇಳಲ್ಲ.”

“ಸೋರ್ಯದೇನು?”

“ಅರವತ್ತು ವರ್ಷ ಸೋರದ ಕಲ್ಲು ಈಗ ಸೋರ್ತದೇನು? ನನ್ನ ಕೀಲಿ ನನ್ನ ಸೊಂಟದಾಗೇ ಅದ. ನಿಮ್ಮ ಮನೀದು?”

ಗೂಟಕ್ಕಿದೆ ಎಂದೆ. ಅವನು ತಲೆಯೆತ್ತಿ ಗೂಟ ನೋಡಿದ, ಅದರ ಪಕ್ಕದಲ್ಲಿ ತೂಗುಹಾಕಿರುವ ಜಗದೇವಿಯ ಕೌದಿ ನೋಡಿದ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, “ಹೋದ ಸಲ ನಾನೇ ತಪ್ಪು ಎಣಿಸಿದ್ದೆ ಅಂತೀನಿ ಬಿಡಣ್ಣ,” ಎಂದ. “ಹಗ್ಗ ಇನ್ನೊಬ್ಬರ ಮನಿಗಿ ಹೋಗ್ತದ, ಹೋಗ್ಲಿ. ಸತ್ತೋರನ್ನ ಯಾಕ ಎಬ್ಬಸ್ಬೇಕು. ಅಕ್ಕ ನನಗ ಎಷ್ಟು ಸಲ ರೊಟ್ಟಿ ಹಾಕ್ಯಾಳ.”

ಅವನು ಹೋದ ಮೇಲೆ ನಾನು ಸುಣ್ಣದ ಭಟ್ಟಿಯ ಓಣಿಗೆ ನಡೆದೆ. ಆ ವರ್ಷ ಹೆತ್ತ ಏಳು ಜನರಲ್ಲಿ ಇಂದುಮತಿ ಒಬ್ಬಳು. ಅವಳ ಮಗಳು ಬಾಗಿಲಲ್ಲಿ ಸುಣ್ಣದ ಕಲ್ಲು ಪೇರಿಸಿ ಆಡುತ್ತಿದ್ದಳು. ನಾನು ಕೇಳುವ ಮೊದಲೇ ಇಂದುಮತಿಗೆ ತಿಳಿಯಿತೆಂದು ಕಾಣುತ್ತದೆ, ಸೆರಗು ಬಾಯಿಗೆ ಇಟ್ಟುಕೊಂಡಳು. “ಹೇಳಬ್ಯಾಡ ಅಂದಿದ್ಳು ಅಣ್ಣಾ, ಅದರಾಗೂ ನಿಮಗ. ದಿನಾ ಮಧ್ಯಾಹ್ನ ಎರಡು ಸಲ ಬರ್ತಿದ್ಳು, ಎರಡೆರಡು ಕೊಡ. ತಣ್ಣಗಿರ್ತಿತ್ತು. ಎಲ್ಲಿಂದ ತಂದೀ ಅಕ್ಕಾ ಅಂದ್ರ, ‘ನಿಮ್ಮ ಹೊಟ್ಟ್ಯಾಗಿನವರದೇ ಅದ, ನಾನು ಬರೀ ಹೊತ್ತೀನಿ’ ಅಂತಿದ್ಳು.” ಆಮೇಲೆ ಅವಳು ಅತ್ತಳು. ನಾನು ಆ ಹುಡುಗಿಯ ಪಕ್ಕ ಕಟ್ಟೆಯ ಮೇಲೆ ಕೂತೆ. ಹುಡುಗಿ ನನ್ನ ಕೈಗೆ ಒಂದು ಕಲ್ಲು ಕೊಟ್ಟು, ಇಡು ಎಂದಳು. ಇಟ್ಟೆ. ಗೋಪುರ ಬಿತ್ತು.

ಜಗದೇವಿ ಅಷ್ಟು ಸರಳವಾಗಿ ತಿಳಿದುಕೊಂಡಿದ್ದಳು. ಹುಟ್ಟದವರ ನೀರು ಎಂದರೆ ನೂರು ವರ್ಷದ ಆಚೆಯವರದ್ದು ಎಂದು ನಾವೆಲ್ಲ ನಂಬಿದ್ದೆವು. ಮುಂದಿನ ವಾರ ಹುಟ್ಟಬೇಕಾದವರು ಬಾಣಂತಿಮನೆಯಲ್ಲಿದ್ದರು, ಬೇರೆ ಯಾವ ದಾರಿಯೂ ಇಲ್ಲದವರ ಹೊಟ್ಟೆಯಲ್ಲಿ. ಅವಳು ಹೋಗಿ ಅವರನ್ನೇ ಕೇಳಿಬಂದಳು. ಸಭೆಗೆ ಹೇಳಿದ್ದರೆ ಊರಿಗೆಲ್ಲ ಹೊಂಡ ತೆರೆಯಬೇಕಾಗುತ್ತಿತ್ತು, ವಾರದಲ್ಲಿ ಖಾಲಿಯಾಗುತ್ತಿತ್ತು, ಬಲವಿದ್ದವರ ಕೊಡ ಮೊದಲು ತುಂಬುತ್ತಿತ್ತು. ಬರೀ ಆ ಏಳು ಜನರಿಗೆ ಕೊಡಿ ಎಂದು ಕೇಳಲು ಗೋಡೆಯ ಮೇಲೆ ಅವಳಿಗೆ ಒಂದು ಆಧಾರವೂ ಇರಲಿಲ್ಲ.

ಆಧಾರ ಇತ್ತು. ಅವಳು ತಿಳಕೊಂಡು ಹೇಳಿ ಎಂದದ್ದಕ್ಕೆ, ತಿಥಿ ಮುಗಿದ ಮೇಲೆ ಗುಲ್ಬರ್ಗದ ಕಾಲೇಜಿಗೆ ಬರೆದು ಹಾಕಿದ್ದೆ. ಅವರ ಹಳೆಯ ದಫ್ತರ ಹುಡುಕಿ ಆ ಪುಟವನ್ನು ಕೈಯಿಂದ ನಕಲು ಮಾಡಿ ಕಳಿಸಲು ಒಂದೂವರೆ ವರ್ಷ ಹಿಡಿಯಿತು; ಈ ಜನವರಿಯಲ್ಲಿ ಬಂತು. ನಾನು ಬಾಯಿಪಾಠ ಮಾಡಿದ ವಾಕ್ಯದ ಬೆನ್ನಿಗೇ ಇದೆ. ನಿಮ್ಮ ಸಮಿತಿಯವರು ಅಗತ್ಯ ಎಂದರೇನು ಎಂದು ಬಿಡಿಸಿ ಬರೆದಿದ್ದಾರೆ: ಅದರಲ್ಲೂ ಏನೂ ಇಲ್ಲದವರ ಅಗತ್ಯ, ಮಿಕ್ಕ ಎಲ್ಲಕ್ಕಿಂತ ಮೊದಲು ಅದು. ಇಷ್ಟೇ. ಅದನ್ನು ಓದಿ ಹಾಳೆ ಮಡಚಿ ಇಟ್ಟೆ. ನಾನು ಅದನ್ನು ಮರೆಯದಿದ್ದರೆ, ಮರೆತರೂ ಹನ್ನೊಂದು ದಿನದ ದಾರಿ ಹೋಗಿ ಬಂದಿದ್ದರೆ, ಅದು ಲಾಟೀನು ತೂಗುವ ಜಾಗದಲ್ಲಿ ಕಲ್ಲಿನಲ್ಲಿ ಇರುತ್ತಿತ್ತು. ಅವಳು ಮಣೆಯ ಮೇಲಿನಿಂದ ಹಿಂದಕ್ಕೆ ಕೈ ತೋರಿಸಿ ಕೇಳಬಹುದಿತ್ತು. ನಾವು ನಾಲ್ಕು ಜನ ಗಂಡಸರು ಕೊಡ ಹೊತ್ತುಕೊಂಡು ಹೋಗಬಹುದಿತ್ತು.

ನಿಮ್ಮನ್ನು ಕೇಳಬೇಕೆನ್ನಿಸುವುದು ಇದು. ನಿಮ್ಮ ಕಾಲದ ಮಾತುಗಳಲ್ಲಿ ಆ ಮೊದಲರ್ಧ ಎಲ್ಲ ಕಡೆ ಇದೆ. ಭಾಷಣದಲ್ಲಿ, ಪಾಠದಲ್ಲಿ, ಕಂಪನಿಗಳ ಪುಸ್ತಕದಲ್ಲಿ. ಎರಡನೆಯದನ್ನು ಅಲ್ಲಿ ನಾನು ಹುಡುಕಿ ಹುಡುಕಿ ಸೋತೆ. ನೀವೂ ಮರೆತಿರೋ, ನನ್ನ ಹಾಗೆ, ಪರೀಕ್ಷೆ ಮುಗಿದ ಮೇಲೆ? ಮೊದಲರ್ಧ ಹೇಳುವುದು ಸುಲಭ. ಇನ್ನೂ ಬಾರದವರು ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಈ ಕಾಗದ ಯಾರ ಕೈಗಾದರೂ ಸಿಕ್ಕಿದರೆ ನನ್ನ ಬೇಡಿಕೆ ಒಂದೇ. ನಮಗಾಗಿ ಏನಾದರೂ ಮುಚ್ಚಿಡುವಾಗ ಅದರ ಮೇಲೆ ಪೂರ್ತಿ ವಾಕ್ಯ ಬರೆಯಿರಿ. ನಮ್ಮ ಪಾಲಿನಿಂದ ನಿಮ್ಮ ಕಾಲದ ಒಂದು ಬಾಣಂತಿಮನೆಗೆ ನೀರು ಹೋಗಿದ್ದರೆ, ಇಲ್ಲಿ ಯಾರೂ ಅದಕ್ಕೆ ನಿಮ್ಮ ಹೆಸರನ್ನು ಕಲ್ಲಿನಿಂದ ತೆಗೆಯುವುದಿಲ್ಲ. ನಾನು ನಾಳೆಗಾರ, ಇಷ್ಟು ಹೇಳುವ ಅಧಿಕಾರ ನನಗಿದೆ.

ಬರೆಯುತ್ತ ಬರೆಯುತ್ತ ಸಭೆಯ ಮಾತೂ ತೀರ್ಮಾನವಾಯಿತೆಂದು ಕಾಣುತ್ತದೆ. ಚಾಂದಪಾಶಾ ತಾನು ಮಾಡದ ತಪ್ಪನ್ನು ಹೊರಬಾರದು. ಒಮ್ಮೆ ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಇನ್ನೊಬ್ಬರಿಗೆ ಹೊರಲು ಬಿಟ್ಟದ್ದು ಸಾಕು. ಮೂರು ಗಂಟು ಯಾರು ಇಳಿಸಿದ್ದು, ಯಾರಿಗೆ, ಎಲ್ಲ ಹೇಳುತ್ತೇನೆ. ಒದ್ದೆ ಅಂಚಿನ ಮಾತನ್ನೂ ಹೇಳುತ್ತೇನೆ. ಗುಲ್ಬರ್ಗದ ಹಾಳೆಯನ್ನು ಓದುತ್ತೇನೆ, ಮೊದಲು ಇಂಗ್ಲಿಷಿನಲ್ಲಿ, ಯಾರಿಗೂ ತಿಳಿಯದಿದ್ದರೂ, ಆಮೇಲೆ ಕನ್ನಡದಲ್ಲಿ. ತೇಜಮ್ಮ ನಿಯಮದವಳು. ನಿಯಮ ನಿಯಮವೇ ಅಂದರೆ ಅನ್ನಲಿ, ಅವಳ ತಪ್ಪಲ್ಲ. ಅವಳಿಗೂ ನಾನು ಕೆತ್ತಿದ ಗೋಡೆಯೇ ಆಧಾರ. ಉಳಿಯನ್ನು ಬೆಳಗ್ಗೆಯೇ ಮಸೆದು ಇಟ್ಟಿದ್ದೇನೆ. ಅಕ್ಷರ ಮೊದಲಿನಷ್ಟು ನೆಟ್ಟಗೆ ಬರಲಿಕ್ಕಿಲ್ಲ, ಆದರೂ ಲಾಟೀನನ್ನು ಬೇರೆ ಕಡೆ ತೂಗುಹಾಕಿ ಎಂದು ಕೇಳುತ್ತೇನೆ. ಒಪ್ಪದಿದ್ದರೆ…

ಬೆಳಕು ಹೋಗುತ್ತಿದೆ. ಸಾಲಿನ ಮೇಲೆ ಸಾಲು ಬರೆಯುತ್ತಿದ್ದೇನೋ ಏನೋ, ಸರಿಯಾಗಿ ಕಾಣುತ್ತಿಲ್ಲ. ಓಣಿಯಲ್ಲಿ ಮಂದಿ ಸಭೆಯ ಕಡೆ ಹೊರಟ ಸಪ್ಪಳ ಕೇಳುತ್ತಿದೆ. ಊರು ಕೊಡುವ ಇವತ್ತಿನ ತಂಬಿಗೆ ಬಾಗಿಲಲ್ಲೇ ಇದೆ, ಅದನ್ನು ಅವಳ ಗಿಡಕ್ಕೆ ಹಾಕಿ ಹೋಗುತ್ತೇನೆ. ನಾಳೆಯಿಂದ ಅದು ಬರದಿದ್ದರೆ ನನ್ನ ಪಾಲಿನ ಆರು ತಂಬಿಗೆಯಲ್ಲಿ ಒಂದು ಇದ್ದೇ ಇದೆ.